ಕೆಂಪು ಬಾಣ

ಫೆಬ್ರವರಿ 9, ಸೋಮವಾರ

ಅಕ್ಕನ ಮನೆಗೆ ಬಂದು ಐದು ದಿನವಾಯಿತು. ರಜೆ ಇನ್ನೂ ಹದಿನಾರು ದಿನ ಇದೆ. ಬರೆಯುತ್ತಾ ಹೋದರೆ ಬೇಗ ಕಳೆಯಬಹುದೆಂದು, ಭಾವನಿಗೆ ಯಾವುದೋ ಟಯರ್ ಕಂಪನಿಯವರು ಕೊಟ್ಟ ಈ ಡೈರಿ ತೆಗೆದುಕೊಂಡಿದ್ದೇನೆ. ಭಾವ ಶಾಲೆಯ ಬಸ್ಸು ಓಡಿಸುವವರು, ಅವರಿಗೆ ಬರೆಯುವ ಅಭ್ಯಾಸವಿಲ್ಲ. ನನಗೂ ಇಲ್ಲ. ಆದರೆ ಈ ಮನೆಯಲ್ಲಿ ಮಾಡಲು ಬೇರೇನಿದೆ? ಪಾತ್ರೆ ಎರಡು ಸಲ ತೊಳೆದಾಯಿತು. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಯಾಯಿತು.

ಡಿಸೆಂಬರ್ ಕೊನೆಯಲ್ಲಿ ಅಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ಮರಳಿದೆ. ಕಾಲೆಳೆದುಕೊಂಡಾದರೂ ನಡೆಯುತ್ತಾಳೆ. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಇಪ್ಪತ್ತಾರು ವರ್ಷ ಪಾರ್ಲರಿನಲ್ಲಿ ಕೂದಲು ಕತ್ತರಿಸಿದ ಕೈ ಅದು. ಅವಳದ್ದಲ್ಲದೆ ಬೇರೆ ಯಾರ ಕತ್ತರಿಯೂ ಈವರೆಗೆ ನನ್ನ ತಲೆಗೆ ತಾಗಿಲ್ಲ. ಈಗ ಆ ಕೈಗೆ ಚಮಚ ಹಿಡಿಯುವುದೂ ದೊಡ್ಡ ಕೆಲಸ.

ನಾನು ಷರ್ಟ್ ಕಾರ್ಖಾನೆಯ ಚೆಕ್ಕಿಂಗ್ ಟೇಬಲ್ಲಿನವಳು. ಹದಿನೆಂಟು ವರ್ಷದಿಂದ ದಿನಕ್ಕೆ ಎಂಟು ಗಂಟೆ ನಿಂತು, ಸೊಟ್ಟ ಹೊಲಿಗೆ ಕಂಡಲ್ಲಿ ಕೆಂಪು ಬಾಣದ ಸ್ಟಿಕರ್ ಅಂಟಿಸಿ ವಾಪಸ್ ಕಳಿಸುವುದೇ ನನ್ನ ಕೆಲಸ. ಕೂತರೆ ನನ್ನ ಕಾಲು ತನ್ನಷ್ಟಕ್ಕೆ ಕುಣಿಯುತ್ತದೆ. ಬರುವಾಗ ಬಸ್ಸಿನಲ್ಲಿ ಅರ್ಧ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದೆ. "ಕೂತ್ರೂ ಟಿಕೆಟ್ ಅಷ್ಟೇ ಕಣಮ್ಮಾ" ಅಂದ ಕಂಡಕ್ಟರ್.

ಅಕ್ಕನೂ ಇವತ್ತು ಅದೇ ರಾಗ ತೆಗೆದಳು. "ಲೇ ಇನ್‌ಸ್ಪೆಕ್ಟರ್, ಒಂದ್ಕಡೆ ಕೂತ್ಕೋತೀಯಾ ಇಲ್ವಾ? ನೀನು ಓಡಾಡೋದು ನೋಡಿ ನಂಗೆ ತಲೆ ಸುತ್ತುತ್ತೆ."

ಫೆಬ್ರವರಿ 11

ವ್ಯಾಯಾಮ ಮಾಡಿಸುವ ಮೇಡಂ ನಿನ್ನೆ ಬಂದಿದ್ದರು. ಬೆರಳಿಗೆ ಸಣ್ಣ ಕೆಲಸ ಕೊಡಬೇಕಂತೆ. ಅಕ್ಕನಿಗೆ ಏನೋ ನೆನಪಾಗಿ, ಬೀರುವಿನ ಮೇಲಿದ್ದ ಪೆಟ್ಟಿಗೆ ಇಳಿಸು ಅಂದಳು. ಒಳಗೆ ಒಂದು ಕ್ರಾಸ್ ಸ್ಟಿಚ್ ಕಿಟ್. ಪಾರ್ಲರಿನ ಯಜಮಾನಿ ಹೊಸ ಜಾಗಕ್ಕೆ ಹೋದಾಗ ಗೋಡೆಗೆ ಹಾಕಲು ಕೊಡಬೇಕೆಂದು ಎರಡು ವರ್ಷದ ಹಿಂದೆ ತಂದದ್ದಂತೆ. ಯಜಮಾನಿ ಹೊಸ ಜಾಗಕ್ಕೆ ಹೋಗಿ, ಅದೂ ಹಳೆಯದಾಯಿತು. ಕಿಟ್ ಮಾತ್ರ ಹಾಗೇ ಇದೆ.

ಒಂದು ತೂತುತೂತಿನ ಬಿಳಿ ಬಟ್ಟೆ, ಮೊಂಡು ಮೊನೆಯ ಸೂಜಿ, ನಂಬರು ಹಾಕಿದ ಹದಿನಾಲ್ಕು ಬಣ್ಣದ ದಾರ, ಚೌಕಳಿ ನಕ್ಷೆ. ತಂತಿಯ ಮೇಲೆ ಕೂತ ಐದು ಗುಬ್ಬಿಗಳ ಚಿತ್ರ. ನಕ್ಷೆಯ ಒಂದು ಚೌಕಕ್ಕೆ ಬಟ್ಟೆಯ ಮೇಲೆ ಒಂದು ಕ್ರಾಸ್, ಅಂದರೆ ಒಂದು ಗುಣಾಕಾರದ ಗುರುತು. ಎಣಿಸುತ್ತಾ ಹೋದರೆ ಗುಬ್ಬಿ ಬರುತ್ತದೆ. ಜೊತೆಗೆ ಹೇಗೆ ಹಾಕಬೇಕೆಂಬ ಉದ್ದದ ಚೀಟಿಯೊಂದಿತ್ತು. ಅಕ್ಕ ಕನ್ನಡಕ ಹಾಕಿ ಎರಡು ಸಲ ಓದಿದಳು. ನಾನು ಓದಲಿಲ್ಲ. ಹೊಲಿಗೆಯ ಬಗ್ಗೆ ನನಗೆ ಚೀಟಿ ಹೇಳಿಕೊಡಬೇಕೆ?

ಒಂದು ಗಂಟೆಯಲ್ಲಿ ಅಕ್ಕ ಏಳು ಕ್ರಾಸ್ ಹಾಕಿದಳು. ಮೂಗಿನ ತುದಿಯಲ್ಲಿ ಬೆವರು. ಏಳೂ ಸೊಟ್ಟ. ಒಂದು ಪಕ್ಕದ ಚೌಕಕ್ಕೆ ಕಾಲು ಚಾಚಿತ್ತು, ಇನ್ನೊಂದರ ದಾರ ಸಡಿಲವಾಗಿ ಕುಣಿಕೆಯಾಗಿತ್ತು. "ಹೇಗಿದೆ?" ಅಂದಳು. "ಬಹಳ ಚೆನ್ನಾಗಿದೆ" ಅಂದೆ. ಟೇಬಲ್ಲಿನ ಮೇಲೆ ಆ ಬಟ್ಟೆಯನ್ನು ಬಿಟ್ಟು ಅಡುಗೆಮನೆಗೆ ಹೋಗಲು ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಬೆರಳು ತುರಿಸುತ್ತಿತ್ತು.

ಫೆಬ್ರವರಿ 13

ಬೀರು ಜೋಡಿಸಿದೆ. ಅಕ್ಕ ಬೈದಳು, ಅವಳಿಗೆ ಒಂದೂ ಬಟ್ಟೆ ಸಿಗಲಿಲ್ಲವಂತೆ. ನಾನೂ ಬಾಯಿಗೆ ಬಂದದ್ದು ಅಂದೆ. ಇನ್ನು ಹನ್ನೆರಡು ದಿನ.

ಫೆಬ್ರವರಿ 16, ಸೋಮವಾರ

ಮಾತ್ರೆ ನುಂಗಿದ ಮೇಲೆ ಅಕ್ಕ ಎರಡರಿಂದ ನಾಲ್ಕರವರೆಗೆ ಮಲಗುತ್ತಾಳೆ. ಭಾವ ಮಕ್ಕಳನ್ನು ಮನೆಗೆ ಬಿಡಲು ಹೋಗಿರುತ್ತಾರೆ. ಆ ಎರಡು ಗಂಟೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಇವತ್ತು ವರಾಂಡದಲ್ಲಿ ಈ ಕಡೆಯಿಂದ ಆ ಕಡೆ ಅರವತ್ತು ಸಲ ನಡೆದೆ. ಅರವತ್ತೊಂದನೇ ಸಲ ಟೇಬಲ್ಲಿನ ಹತ್ತಿರ ನಿಂತುಬಿಟ್ಟೆ.

ಮೊದಲ ಗುಬ್ಬಿಯ ಎದೆ. ನಾಲ್ಕು ದಿನ ಬಿಟ್ಟು ಇವತ್ತು ಬೆಳಿಗ್ಗೆಯಷ್ಟೇ ಅಕ್ಕ ಮತ್ತೆ ಸೂಜಿ ಹಿಡಿದು ಹಾಕಿದ ಹನ್ನೊಂದು ಕ್ರಾಸ್, ಒಂದಕ್ಕೂ ಮಾನ ಇಲ್ಲ. ಒಂದನ್ನೇ ಸರಿಮಾಡುತ್ತೇನೆ ಅಂದುಕೊಂಡು ಬಿಚ್ಚಿದೆ. ಪಕ್ಕದ್ದು ಅದಕ್ಕಿಂತ ಸೊಟ್ಟ ಕಂಡಿತು. ಹನ್ನೊಂದನ್ನೂ ಬಿಚ್ಚಿ, ಅದೇ ದಾರದಲ್ಲಿ, ಅದೇ ತೂತಿನಲ್ಲಿ ಹಾಕಿದೆ. ಮೊದಲ ದಿನದ ಏಳನ್ನು ಮಾತ್ರ ಮುಟ್ಟಲಿಲ್ಲ. ಅವು ಮೂಲೆಯಲ್ಲಿ ಒಂದು ಎಲೆಯ ಹತ್ತಿರ ಇದ್ದವು, ಅಷ್ಟಾಗಿ ಕಣ್ಣಿಗೆ ಚುಚ್ಚುತ್ತಿರಲಿಲ್ಲ.

ಗಡಿಯಾರ ನೋಡಿದರೆ ನಾಲ್ಕಕ್ಕೆ ಐದು ನಿಮಿಷ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಇದರಲ್ಲಿ ತಪ್ಪೇನು? ಅವಳ ವ್ಯಾಯಾಮ ಅವಳದ್ದು ಆಯಿತು. ಉಡುಗೊರೆ ಉಡುಗೊರೆಯ ಹಾಗಿರಬೇಕು.

ಫೆಬ್ರವರಿ 17

ಬೆಳಿಗ್ಗೆ ಅಕ್ಕ ಬಟ್ಟೆ ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದಳು.

"ಲೇ, ಇಲ್ಲಿ ಬಾ. ನಿನ್ನೆ ನಾನು ಇಷ್ಟು ಚೆನ್ನಾಗಿ ಹಾಕಿದ್ನಾ?"

ನಾನು ಲೋಟ ಒರೆಸುತ್ತಿದ್ದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. "ಮತ್ತೆ ಇನ್ಯಾರು ಹಾಕ್ತಾರೆ?"

"ಹಾಕೋವಾಗ ಸೊಟ್ಟ ಅನ್ಸಿತ್ತು ಕಣೇ. ಕನ್ನಡಕ ಬದಲಾಯಿಸ್ಬೇಕೇನೋ." ಆಮೇಲೆ ಜೋರಾಗಿ ನಕ್ಕಳು. ಸ್ಟ್ರೋಕ್ ಆದ ಮೇಲೆ ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಭಾವನನ್ನು ಕರೆದು ತೋರಿಸಿದಳು. ಭಾವ ಬಟ್ಟೆಯನ್ನು ತಲೆಕೆಳಗಾಗಿ ಹಿಡಿದುಕೊಂಡೇ "ಭೇಷ್" ಅಂದರು.

ಆ ನಗುವಿಗಾದರೂ ಸುಮ್ಮನಿರುವುದೇ ಸರಿ ಅನ್ನಿಸಿತು. ಮಧ್ಯಾಹ್ನ ಮತ್ತೆ ಹದಿನಾರು ಸರಿಮಾಡಿದೆ.

ಫೆಬ್ರವರಿ 20

ಒಂದು ಗುಬ್ಬಿ ಮುಗಿದು ಎರಡನೆಯದರ ರೆಕ್ಕೆ ಬಂದಿದೆ. ಅವಳು ಬೆಳಿಗ್ಗೆ ಹಾಕುತ್ತಾಳೆ, ನಾನು ಮಧ್ಯಾಹ್ನ ಬಿಚ್ಚಿ ಹಾಕುತ್ತೇನೆ. ಎಷ್ಟು ನೀಟಾಗಿ ಎಂದರೆ, ನಮ್ಮ ಟೇಬಲ್ಲಿಗೆ ಬಂದರೆ ನಾನೇ ಕಣ್ಣು ಮುಚ್ಚಿ ಪಾಸು ಮಾಡುತ್ತೇನೆ.

ಮೇಡಂ ಬಂದು ಕೈಯ ಬಲ ನೋಡುವ ಉಪಕರಣ ಹಿಸುಕಿಸಿದರು. ಮುಳ್ಳು ಹೆಚ್ಚು ಮೇಲೇರಲಿಲ್ಲ. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ, ಹೋಗಿ ಬಟ್ಟೆ ತಂದು ಅವರ ಮುಂದೆ ಹಿಡಿದಳು. ಮೇಡಂ ಹುಬ್ಬೇರಿಸಿದರು.

"ಹಿಡಿತ ಹೋದ ವಾರದಷ್ಟೇ ಇದೆ. ಆದ್ರೆ ಹೊಲಿಗೆ ಇಷ್ಟು ನೇರ ಬಂದಿದೆ ಅಂದ್ರೆ ನಂಗೇ ಆಶ್ಚರ್ಯ. ನೀವೇ ಹಾಕಿದ್ದಾ?"

"ಬೇಕಾದ್ರೆ ನಮ್ಮ ಇನ್‌ಸ್ಪೆಕ್ಟರನ್ನ ಕೇಳಿ. ಅವಳ ಕಣ್ಣು ತಪ್ಪಿಸಿ ಒಂದು ದಾರ ಅಲ್ಲಾಡಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ಹೂಂ ಅಂದೆ.

ಫೆಬ್ರವರಿ 23, ಸೋಮವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಅಕ್ಕ ಪಾರ್ಲರಿನ ಯಜಮಾನಿಗೆ ಫೋನು ಮಾಡಿ ಮುಂದಿನ ಸೋಮವಾರದಿಂದ ಅರ್ಧ ದಿನ ಬರುತ್ತೇನೆ ಅಂದಿದ್ದಾಳೆ. ನನ್ನನ್ನು ಕೇಳಲಿಲ್ಲ, ಭಾವನನ್ನೂ ಕೇಳಲಿಲ್ಲ. ಯಜಮಾನಿಗೆ ಖುಷಿಯೋ ಖುಷಿ. ಹತ್ತು ಗಂಟೆಗೆ ಹಳೆಯ ಗಿರಾಕಿಯೊಬ್ಬಳ ಹೆಸರು ಬರೆದುಕೊಂಡೂ ಆಯಿತಂತೆ. ಅವಳು ತನ್ನ ಐದು ವರ್ಷದ ಮಗಳನ್ನು ಕರೆತರುತ್ತಾಳೆ. ಕಿವಿಯ ಸುತ್ತ ಗಿಡ್ಡವಾಗಿ ಕತ್ತರಿಸಬೇಕು.

"ಬೇಗ ಆಯ್ತಲ್ವೇನೇ ಅಕ್ಕಾ?" ಅಂದೆ.

"ಸೂಜಿ ಹಿಡಿಯೋ ಕೈ ಕತ್ತರಿ ಹಿಡಿಯಲ್ವಾ? ನೀನೇ ನೋಡಿದೀಯಲ್ಲ."

ಇದಾಗಿ ಹತ್ತು ನಿಮಿಷಕ್ಕೆ ಅವಳ ಕೈಯಿಂದ ಗಾಜಿನ ಲೋಟ ಜಾರಿ ಚೂರಾಯಿತು. ಸೋಪಿನ ಕೈ, ಅದಕ್ಕೇ ಜಾರಿತು ಅಂದಳು. ನಾನು ಚೂರು ಆರಿಸಿದೆ. ಆ ಮಗುವಿನ ಕಿವಿ ಎಷ್ಟಿರಬಹುದು ಎಂದೇ ಯೋಚಿಸುತ್ತಿದ್ದೆ. ಐದು ವರ್ಷದ ಮಗುವಿನ ಕಿವಿ.

ಕಾರ್ಖಾನೆಗೆ ಫೋನು ಮಾಡಿ ಇನ್ನೊಂದು ವಾರ ರಜೆ ಕೇಳಿದೆ. ಸೂಪರ್‌ವೈಸರ್ ಗೊಣಗಿದ.

ಫೆಬ್ರವರಿ 24

ಹೇಳಬೇಕು. ನಾಳೆ ಹೇಳುತ್ತೇನೆ.

ಫೆಬ್ರವರಿ 25

ಹೇಳಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. "ಅಕ್ಕಾ, ಒಂದು ವಿಷಯ" ಅಂದೆ. ಅವಳು ತಲೆಯೆತ್ತಿದಳು. "ಹಾಲು ಮುಗಿದಿದೆ" ಅಂದುಬಿಟ್ಟೆ.

ಭಾವನಿಗಾದರೂ ಹೇಳೋಣವೆಂದು ಸಂಜೆ ಬಾಗಿಲಲ್ಲೇ ಕಾದೆ. ಅವರು ಬಸ್ಸು ನಿಲ್ಲಿಸಿ, ಶಿಳ್ಳೆ ಹಾಕುತ್ತಾ ಬಂದರು. ಕೈಯಲ್ಲಿ ಒಂದು ಪೊಟ್ಟಣ. ಅಕ್ಕನ ಹಳೆಯ ಕತ್ತರಿಯನ್ನು ಸಾಣೆ ಹಿಡಿಸಿ ತಂದಿದ್ದರು. "ಹೇಗಿದೆ ನೋಡಿ, ಗಾಳೀನೂ ಕತ್ತರಿಸುತ್ತೆ" ಎಂದು ನನ್ನ ಮುಂದೆ ಕಚಕಚ ಆಡಿಸಿದರು. ಎರಡು ತಿಂಗಳಲ್ಲಿ ಆ ಮನುಷ್ಯ ಶಿಳ್ಳೆ ಹಾಕಿದ್ದು ಇದೇ ಮೊದಲಂತೆ. ನಾನು ಒಳಗೆ ಬಂದೆ.

ನನ್ನಂಥ ಹೇಡಿ ಇನ್ನೊಬ್ಬಳಿಲ್ಲ. ಕಾರ್ಖಾನೆಯಲ್ಲಿ ಮ್ಯಾನೇಜರ್ ಎದುರಿಗೇ ಇನ್ನೂರು ಷರ್ಟ್ ವಾಪಸ್ ಕಳಿಸಿದವಳು ನಾನು.

ಒಂದು ದಾರಿ ಹೊಳೆದಿದೆ. ನಾಳೆಯಿಂದ ಬಟ್ಟೆ ಮುಟ್ಟುವುದಿಲ್ಲ. ಅವಳ ಕ್ರಾಸು ಅವಳಿಗೇ ಕಾಣಲಿ. ತಾನಾಗಿ ತಿಳಿದುಕೊಂಡು ಸೋಮವಾರ ಬೇಡ ಅಂದಾಳು. ನಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ.

ಫೆಬ್ರವರಿ 27, ಶುಕ್ರವಾರ

ನಿನ್ನೆ ಮಧ್ಯಾಹ್ನ ಬಟ್ಟೆಯತ್ತ ನೋಡದೆ ವರಾಂಡದಲ್ಲಿ ನಡೆದೆ. ಎಷ್ಟು ಸಲವೋ ಎಣಿಸಲಿಲ್ಲ.

ಇವತ್ತು ಬೆಳಿಗ್ಗೆ ಏಳೂವರೆಗೆ ಅಕ್ಕ ಕೂಗಿದ ಕೂಗಿಗೆ ಕೈಲಿದ್ದ ಪಾತ್ರೆ ಬಿಟ್ಟು ಓಡಿದೆ. ಕಿಟಕಿಯ ಹತ್ತಿರ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಿದ್ದಳು.

"ಮತ್ತೆ ಆಗಿದೆ ಕಣೇ. ನಿನ್ನೆ ಮತ್ತೆ ಆಗಿದೆ. ನಂಗೆ ಗೊತ್ತೇ ಆಗಿಲ್ಲ."

"ಏನಾಗಿದೆ?"

"ನೋಡು, ಮೊನ್ನೇದು ಹೇಗಿದೆ, ನಿನ್ನೇದು ಹೇಗಿದೆ! ಕೈ ಹೋಯ್ತು. ಮತ್ತೆ ಸ್ಟ್ರೋಕ್ ಆಗಿದೆ. ಆಸ್ಪತ್ರೆಗೆ ಫೋನ್ ಮಾಡು. ಅವರಿಗೆ ಹೇಳು, ಬಸ್ಸು ಎಲ್ಲಾದ್ರೂ ನಿಲ್ಲಿಸಿ ಬರ್ಲಿ. ಬಾಯಿ ನೋಡು, ಸೊಟ್ಟಗಾಗಿದ್ಯಾ? ನೋಡೇ!"

ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಅವಳ ಭುಜ ಹಿಡಿದು ಕೂರಿಸಿದೆ. ಏನೂ ಆಗಿಲ್ಲ ಅಂದೆ. ಅವಳು ಕೇಳಲಿಲ್ಲ, ಎಡಗೈಯಿಂದ ಫೋನಿಗೆ ತಡಕಾಡುತ್ತಿದ್ದಳು. ಆಗ ಹೇಳಿದೆ.

"ಅಕ್ಕಾ, ಮೊನ್ನೇದು ನಿಂದಲ್ಲ. ನಂದು. ನೀನು ಮಲಗಿದಾಗ ನಾನು ಬಿಚ್ಚಿ ಹಾಕಿದ್ದು. ಎರಡು ಗುಬ್ಬೀನೂ ನಂದೇ. ನಿನ್ನೆ ನಾನು ಮುಟ್ಲಿಲ್ಲ, ಅಷ್ಟೇ."

ಫೋನು ಹುಡುಕುತ್ತಿದ್ದ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. ಬೈಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ಕಾದೆ. ಅವಳು ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೇ ಕೈಯಲ್ಲಿ ಮಡಚಲು ನೋಡಿದಳು. ಆಗಲಿಲ್ಲ. ನಾನು ಕೈ ಮುಂದೆ ಮಾಡಿದೆ.

"ಮುಟ್ಬೇಡ" ಅಂದಳು. "ಹೊರಗೆ ಹೋಗು."

ಫೆಬ್ರವರಿ 28

ಮಾತಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಊಟದ ತಟ್ಟೆ ಭಾವನ ಕೈಯಲ್ಲಿ ಒಳಗೆ ಹೋಗುತ್ತದೆ, ಭಾವನ ಕೈಯಲ್ಲೇ ಹೊರಗೆ ಬರುತ್ತದೆ. ಭಾವ ನನ್ನ ಮೇಲೆ ರೇಗಲಿಲ್ಲ. ಕತ್ತರಿಯನ್ನು ಪೊಟ್ಟಣದಲ್ಲೇ ಸುತ್ತಿ ಫ್ರಿಜ್ಜಿನ ಮೇಲಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನನ್ನ ಚೀಲ ತುಂಬಿಟ್ಟಿದ್ದೇನೆ. ಸಂಜೆಯ ಬಸ್ಸಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ.

ಸಂಜೆ ಭಾವ ಬಂದು "ಅವಳು ನಿಮ್ಮ ಬಾಣದ ಸ್ಟಿಕರ್ ಕೇಳ್ತಿದಾಳೆ" ಅಂದರು. ಕಾರ್ಖಾನೆಯ ಒಂದು ಸುರುಳಿ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಯಾಕೆ ಎಂದು ಕೇಳದೆ ಕೊಟ್ಟೆ.

ಮಾರ್ಚ್ 1, ಭಾನುವಾರ

ಒಂಬತ್ತು ಗಂಟೆಗೆ ಕರೆದಳು. ಹೆಸರು ಹಿಡಿದು ಕರೆದಳು, ಇನ್‌ಸ್ಪೆಕ್ಟರ್ ಅನ್ನಲಿಲ್ಲ.

ಕಿಟಕಿಯಿಂದ ಓರೆ ಬಿಸಿಲು ಟೇಬಲ್ಲಿನ ಮೇಲೆ ಬಿದ್ದಿತ್ತು. ಬಟ್ಟೆಯನ್ನು ಅದರಲ್ಲಿ ಹರಡಿದ್ದಳು. ಬಟ್ಟೆಯ ತುಂಬಾ ಕೆಂಪು ಬಾಣಗಳು! ಎರಡು ಗುಬ್ಬಿಯ ಮೇಲೂ, ತಂತಿಯ ಮೇಲೂ, ಒಂದರ ಪಕ್ಕ ಒಂದು. ಕೆಲವು ಮುದುಡಿದ್ದವು, ಕೆಲವು ತಲೆಕೆಳಗಾಗಿದ್ದವು. ಬಲಗೈಯಲ್ಲೇ ಅಂಟಿಸಿದ್ದು ಎಂದು ನೋಡಿದರೆ ತಿಳಿಯುತ್ತಿತ್ತು.

"ಇವೆಲ್ಲ ರಿಜೆಕ್ಟು" ಅಂದಳು.

"ಅವು ನೇರ ಇವೆಯಲ್ಲೇ."

"ನೇರ ಇವೆ. ಬಗ್ಗಿ ನೋಡು."

ಬಗ್ಗಿ ನೋಡಿದೆ. ಬಿಸಿಲಿಗೆ ನನ್ನ ಕ್ರಾಸುಗಳು ಒಂದು ಥರ ಹೊಳೆಯುತ್ತಿದ್ದವು, ಅವಳವು ಇನ್ನೊಂದು ಥರ. ಅವಳದರಲ್ಲಿ ಮೇಲಿನ ದಾರ ಬಲಕ್ಕೆ ವಾಲುತ್ತದೆ, ನನ್ನದರಲ್ಲಿ ಎಡಕ್ಕೆ. ಬಟ್ಟೆಯುದ್ದಕ್ಕೂ ಎಲ್ಲಾ ಒಂದೇ ಕಡೆ ವಾಲಬೇಕಂತೆ. ನಾನು ಓದದೆ ಬಿಟ್ಟ ಚೀಟಿಯ ಮೊದಲ ಸಾಲೇ ಅದು. ಹದಿನೆಂಟು ವರ್ಷ ಹದ್ದಿನ ಕಣ್ಣು ಅನ್ನಿಸಿಕೊಂಡವಳಿಗೆ, ಹತ್ತು ದಿನ ಕೈಯಾರೆ ಹಾಕಿದ ತಪ್ಪು ಕಂಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ.

"ಬಿಚ್ಚು" ಅಂದಳು. "ನನ್ನೆದುರಿಗೆ ಬಿಚ್ಚು."

ಬಿಚ್ಚಿದೆ. ಒಂದೊಂದಾಗಿ. ಅವಳು ಪಕ್ಕದಲ್ಲೇ ಕೂತು ನೋಡಿದಳು. ಊಟದ ಹೊತ್ತಿಗೆ ಎರಡು ಗುಬ್ಬಿಯೂ ಹೋಗಿ, ಬಟ್ಟೆಯಲ್ಲಿ ಮೊದಲ ದಿನದ ಏಳು ಕ್ರಾಸು, ಗುರುವಾರದ ಹತ್ತೊಂಬತ್ತು ಕ್ರಾಸು ಮಾತ್ರ ಉಳಿದವು. ಅವಳು ಎರಡನ್ನೂ ಬೆರಳಿಟ್ಟು ನೋಡಿದಳು.

"ಇವು ಒಂದು ಗಂಟೇಲಿ ಏಳು. ಇವು ಒಂದು ಗಂಟೇಲಿ ಹತ್ತೊಂಬತ್ತು. ಸೊಟ್ಟ ಇವೆ. ಆದ್ರೆ ಅಷ್ಟು ಸೊಟ್ಟ ಇಲ್ಲ. ಅಲ್ವಾ?"

"ಸ್ವಲ್ಪ ಕಮ್ಮಿ ಸೊಟ್ಟ."

"ಮಧ್ಯದ್ದೆಲ್ಲ ಇದ್ದಿದ್ರೆ ನೋಡ್ಬಹುದಿತ್ತು, ದಿನದಿನ ಎಷ್ಟೆಷ್ಟು ಬಂತು ಅಂತ. ಅದನ್ನ ನೀನು ತಿಂದ್ಹಾಕ್ಬಿಟ್ಟೆ." ಆಗ ಅತ್ತಳು. ನಾನೂ ಅತ್ತೆ. ತಪ್ಪಾಯ್ತು ಅಂದೆ. ಎಷ್ಟು ಸಲ ಅಂದೆನೋ.

ಕಣ್ಣು ಒರೆಸಿಕೊಂಡು, "ನಾಳೆ ನಾನು ಹೋಗೇ ಹೋಗ್ತೀನಿ. ಹತ್ತೊಂಬತ್ತು ಬಂದಿದೆಯಲ್ಲ" ಅಂದಳು.

ಬೇಡ ಅನ್ನಲು ನನಗೆ ಯಾವ ಮುಖ? ಫ್ರಿಜ್ಜಿನ ಮೇಲಿಂದ ಕತ್ತರಿ ತಂದೆ. ಕನ್ನಡಿಯ ಮುಂದೆ ಸ್ಟೂಲು ಹಾಕಿ, ಹೆಗಲಿಗೆ ಟವೆಲ್ ಹೊದ್ದು ಕೂತೆ.

"ಆ ಮಗುಗಿಂತ ಮೊದ್ಲು ನಂದು ಮಾಡು. ಹೆಗಲಿನ ಮೇಲಕ್ಕೆ, ಸಮವಾಗಿ."

ಅಕ್ಕ ಕತ್ತರಿಯನ್ನು ಬೆರಳಿಗೆ ಸಿಕ್ಕಿಸಿಕೊಳ್ಳಲೇ ಬಹಳ ಹೊತ್ತು ಬೇಕಾಯಿತು. ಅದು ಕುತ್ತಿಗೆಗೆ ತಣ್ಣಗೆ ತಾಗಿತು. ಹಿಂದೆ ಅವಳ ಉಸಿರು ಕೇಳುತ್ತಿತ್ತು. ಒಂದು ಸಲ ಕಚ್, ಆಮೇಲೆ ಏನೂ ಇಲ್ಲ, ಮತ್ತೆ ಒಂದು ಸಲ ಕಚ್. "ಅಲ್ಲಾಡ್ಬೇಡ" ಅನ್ನುವುದು ಅವಳ ಅಭ್ಯಾಸ, ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಾಳೆ. ಇವತ್ತು ಹೇಳಲಿಲ್ಲ. ಮುಗಿದು ಏಳಲು ಹೋದರೆ ಎರಡೂ ಕಾಲು ಮರಗಟ್ಟಿದ್ದವು.

ಅವಳು ಚಿಕ್ಕ ಕನ್ನಡಿ ಹಿಂದೆ ಹಿಡಿದಳು. "ಹೇಗಿದೆ? ನಿಜ ಹೇಳು. ಟೇಬಲ್ಲಿನ ಹತ್ರ ನಿಂತು ಹೇಳೋ ಹಾಗೆ ಹೇಳು."

ಚೆನ್ನಾಗಿದೆ ಅನ್ನುವ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿದೆ.

"ಎಡಗಡೆ ಎರಡು ಬೆರಳು ಗಿಡ್ಡ. ಹಿಂದೆ ಮೆಟ್ಟಿಲು ಮೆಟ್ಟಿಲು. ಬಲಗಡೆ ನೇರ ಬಂದಿದೆ."

"ಬಲಗಡೆ ನಿಜವಾಗ್ಲೂ ನೇರ ಬಂದಿದ್ಯಾ?"

"ಬಂದಿದೆ. ಆ ಮಗು ಆಗಿದ್ರೆ ಕಿವಿ ಕುಯ್ದಿರ್ತಿದ್ದೆ ಅಕ್ಕಾ."

ಕನ್ನಡಿ ಕೆಳಗಿಟ್ಟಳು. ಆಮೇಲೆ ಸುರುಳಿಯಿಂದ ಒಂದು ಬಾಣ ಕಿತ್ತು, ಎಡಗಡೆಯ ಗಿಡ್ಡ ಕೂದಲಿಗೆ ಅಂಟಿಸಿದಳು. ಅಂಟಲಿಲ್ಲ, ಬಿತ್ತು. ಮತ್ತೆ ಅಂಟಿಸಿದಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ಭಾವ ಏನಾಯಿತೆಂದು ಓಡಿ ಬಂದರು, ನನ್ನ ತಲೆ ನೋಡಿ ಬಂದ ದಾರಿಯಲ್ಲೇ ಹೋದರು.

ಯಜಮಾನಿಗೆ ಅವಳೇ ಫೋನು ಮಾಡಿದಳು. "ಈಗಾಗಲ್ಲ. ಆದಾಗ ನಾನೇ ಹೇಳ್ತೀನಿ" ಅಂದಳು. ಕಾರಣ ಹೇಳಲಿಲ್ಲ.

ಮಾರ್ಚ್ 4

ನಾಳೆ ಊರಿಗೆ. ಅಕ್ಕ ಇವತ್ತು ಇಪ್ಪತ್ತೆರಡು ಹಾಕಿದಳು. ಗುಬ್ಬಿಯ ಕೊಕ್ಕು ಹಣೆಯ ಹತ್ತಿರ ಬಂದಿದೆ, ಒಂದು ಚೌಕ ಎಣಿಕೆ ತಪ್ಪಿದೆ. ಹೇಳಿದೆ. "ಗೊತ್ತು, ಇರ್ಲಿ" ಅಂದಳು. ಯಜಮಾನಿಗೆ ಬೇರೆ ಏನಾದರೂ ಕೊಡುತ್ತಾಳಂತೆ, ಇದು ನನಗೇ ಅಂತೆ. ಮುಗಿಯಲು ಎಷ್ಟು ದಿನವೋ. ಮಧ್ಯಾಹ್ನ ಅವಳು ಮಲಗಿದ್ದಾಗ ನಾನೂ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ.

ಮಾರ್ಚ್ 9, ಸೋಮವಾರ

ಮತ್ತೆ ಟೇಬಲ್ಲು. ಒಂದು ತಿಂಗಳಲ್ಲಿ ಎಲ್ಲರೂ ಕೈ ಸಡಿಲ ಬಿಟ್ಟಿದ್ದಾರೆ, ಒಂದೇ ದಿನ ಅರ್ಧ ಸುರುಳಿ ಬಾಣ ಖಾಲಿ. ಊಟದ ಬಿಡುವಿನಲ್ಲಿ ಎಲ್ಲರ ಕಣ್ಣೂ ನನ್ನ ತಲೆಯ ಮೇಲೆ. ಬಟ್ಟೆ ಕತ್ತರಿಸುವ ವಿಭಾಗದವಳು ಕತ್ತರಿ ಹಿಡಿದೇ ಬಂದಳು. "ಯಾರೇ ಇದನ್ನ ಮಾಡಿದ್ದು? ಬಾ, ಎರಡು ನಿಮಿಷ ಕೂತ್ಕೋ, ಸಮ ಮಾಡ್ಬಿಡ್ತೀನಿ."

"ನಮ್ಮಕ್ಕ ಮಾಡಿದ್ದು. ಬೇಡ" ಅಂದೆ. ಬಿಡುವು ಮುಗಿಯುತ್ತಾ ಬಂದಿತ್ತು, ಸುಮ್ಮನೆ ಯಾಕೆ ತೊಂದರೆ.

ಸಂಜೆ ಬಸ್ಸಿನಲ್ಲಿರುವಾಗ ಅಕ್ಕನ ಫೋನು ಬಂತು. ಇವತ್ತು ಇಪ್ಪತ್ತಾರಂತೆ. ಏಪ್ರಿಲ್ ಎರಡನೇ ಭಾನುವಾರ ನನ್ನ ತಲೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾಳಂತೆ, ಅಲ್ಲಿಯವರೆಗೆ ಯಾರ ಕೈಗೂ ಕೊಡಬಾರದಂತೆ. ಆಯ್ತು ಅಂದೆ. ಅವಳು ಗುಬ್ಬಿಯ ಬಾಲದ ಬಣ್ಣದ ಬಗ್ಗೆ ಏನೇನೋ ಹೇಳುತ್ತಿದ್ದಳು, ನಾನು ಕಿಟಕಿಗೆ ತಲೆಯಾನಿಸಿ ಕೇಳುತ್ತಾ ಕೂತಿದ್ದೆ. ಬಸ್ಸು ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿತ್ತು. ನಡೆದುಕೊಂಡು ವಾಪಸ್ ಬಂದೆ.